ಹುಸಿ ಅಲರ್ಟ್‌ಗಳ ರಾಶಿಯಲ್ಲಿ ಬೆಂಗಳೂರಿನ ಕಾವಲು

2013ರ ನವೆಂಬರ್ 30, ಶನಿವಾರ. ಅಮೆರಿಕದ ಟಾರ್ಗೆಟ್ ಎಂಬ ಭಾರೀ ಅಂಗಡಿ ಸರಣಿಯ ಕಂಪ್ಯೂಟರುಗಳನ್ನು ಹಗಲೂ ರಾತ್ರಿ ಕಾಯುತ್ತಿದ್ದ ತಂಡ ಕೂತಿದ್ದು ಬೆಂಗಳೂರಿನಲ್ಲಿ. ಆರು ತಿಂಗಳ ಹಿಂದಷ್ಟೇ ಕಂಪನಿ 16 ಲಕ್ಷ ಡಾಲರ್ ಸುರಿದು ಫೈರ್‌ಐ ಎಂಬ ಪತ್ತೆ ವ್ಯವಸ್ಥೆ ಹಾಕಿಸಿತ್ತು. ಕದ್ದ ಕಾರ್ಡ್ ಮಾಹಿತಿಯನ್ನು ಹೊರಗೆ ಸಾಗಿಸುವ ಪ್ರೋಗ್ರಾಮನ್ನು ಕಳ್ಳರು ಒಳಗೆ ಇಳಿಸುತ್ತಿದ್ದಂತೆಯೇ ಆ ವ್ಯವಸ್ಥೆ ಅಲರ್ಟ್ ಕೊಟ್ಟಿತು. ಬೆಂಗಳೂರಿನವರು ನೋಡಿದರು, ಮಿನಿಯಾಪೊಲಿಸ್‌ನ ಭದ್ರತಾ ತಂಡಕ್ಕೆ ತಿಳಿಸಿದರು. ಮುಂದೆ ಏನೂ ಆಗಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯೇ ಬಂದು ಹೇಳುವವರೆಗೆ ಕಂಪನಿ ಕದಲಲಿಲ್ಲ. ಅಷ್ಟರಲ್ಲಿ 4 ಕೋಟಿ ಕಾರ್ಡುಗಳ ವಿವರ, 7 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು ಕಳ್ಳರ ಪಾಲಾಗಿತ್ತು. ಮುಂದಿನ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಈ ಕಥೆಯನ್ನು ಬಿಚ್ಚಿಟ್ಟಿತು. ಅದೇ ತಿಂಗಳು ಟಾರ್ಗೆಟ್‌ನ ಮುಖ್ಯ ಮಾಹಿತಿ ಅಧಿಕಾರಿ, ಮೇ ತಿಂಗಳಲ್ಲಿ ಸಿಇಒ ಹುದ್ದೆ ಬಿಟ್ಟರು.

ಆ ಅಲರ್ಟ್‌ನ ಹೆಸರು ‘ಮಾಲ್‌ವೇರ್ ಡಾಟ್ ಬೈನರಿ’. ಹೊಸದಾಗಿ ಕಂಡ, ಇನ್ನೂ ಹೆಸರಿಲ್ಲದ ಯಾವುದೇ ಶಂಕಿತ ಫೈಲಿಗೂ ಬರುವ ಸಾಮಾನ್ಯ ಹಣೆಪಟ್ಟಿ ಅದು. ಅಪಾಯದ ಫೈಲನ್ನು ತಾನಾಗಿಯೇ ಅಳಿಸಿಹಾಕುವ ಸೌಲಭ್ಯ ಫೈರ್‌ಐನಲ್ಲಿತ್ತು, ಟಾರ್ಗೆಟ್ ಅದನ್ನು ಆಫ್ ಮಾಡಿಟ್ಟಿತ್ತು. ಯಂತ್ರ ತಪ್ಪಾಗಿ ಒಳ್ಳೆಯ ಫೈಲನ್ನು ಅಳಿಸಿದರೆ ಗತಿಯೇನು ಎಂದು ಅಂತಿಮ ತೀರ್ಮಾನವನ್ನು ಮನುಷ್ಯರ ಕೈಯಲ್ಲಿಟ್ಟುಕೊಳ್ಳುವ ಭದ್ರತಾ ತಂಡಗಳು ಬಹಳ. ಅದೇ ದಿನಗಳಲ್ಲಿ ಸೈಮಾಂಟೆಕ್‌ನ ಆ್ಯಂಟಿವೈರಸ್ ಕೂಡ ಅದೇ ಸರ್ವರಿನತ್ತ ಬೆರಳು ತೋರಿಸಿತ್ತು. ಎರಡು ಪ್ರೋಗ್ರಾಮುಗಳು ಸರಿಯಾಗಿ ಹೇಳಿದ್ದವು, ಒಂದು ತಂಡ ಸರಿಯಾಗಿ ದಾಟಿಸಿತ್ತು. ಆದರೂ ಆ ಚಟುವಟಿಕೆ ತಕ್ಷಣ ಬೆನ್ನುಹತ್ತುವಂಥದ್ದಲ್ಲ ಎಂದು ಮಿನಿಯಾಪೊಲಿಸ್‌ನ ತಂಡ ತೀರ್ಮಾನಿಸಿತು. ಇದನ್ನು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು.

ಹುಸಿ ಅಲರ್ಟ್ ಎಂದರೆ ಪರದೆಯ ಮೂಲೆಯಲ್ಲಿ ಪುಟಿದೇಳುವ ಕಿರಿಕಿರಿ ಎಂದು ಇವತ್ತಿಗೂ ಅನೇಕರು ತಿಳಿದಿದ್ದಾರೆ. ನಾನು ಹಾಗೆ ನೋಡಲಾರೆ. ಒಂದೊಂದು ಹುಸಿ ಅಲರ್ಟೂ ಮುಂದೆ ಬರಲಿರುವ ನಿಜದ ಅಲರ್ಟಿನ ಬೆಲೆಯನ್ನು ಒಂದಿಷ್ಟು ಕಡಿಮೆ ಮಾಡಿ ಹೋಗುತ್ತದೆ. ಆ ನಷ್ಟವನ್ನು ತುಂಬುವವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರ ವರ್ತುಲ ರಸ್ತೆಯ ಕಟ್ಟಡಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಹುಡುಗಿಯರು ಮತ್ತು ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು. ತೀರ್ಮಾನ ಮಾಡುವ ಅಧಿಕಾರ ಇವರಾರಿಗೂ ಇಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ದೊಡ್ಡ ಕಂಪನಿಯಲ್ಲಿ ದಿನಕ್ಕೆ 10 ಲಕ್ಷ ಘಟನೆಗಳು ದಾಖಲಾಗುತ್ತವೆ, ಅದರಲ್ಲಿ ನಿಜವಾಗಿ ಕೆಟ್ಟವು 10 ಮಾತ್ರ ಎಂದುಕೊಳ್ಳಿ. ಪತ್ತೆ ಮಾಡುವ ಪ್ರೋಗ್ರಾಮು ಶೇ 99.9ರಷ್ಟು ಕರಾರುವಾಕ್ಕು ಎಂದೇ ಇಟ್ಟುಕೊಳ್ಳೋಣ. ಆ ಹತ್ತನ್ನೂ ಅದು ಹಿಡಿಯುತ್ತದೆ. ಜೊತೆಗೆ ಉಳಿದವುಗಳಲ್ಲಿ ಸಾವಿರಕ್ಕೆ ಒಂದರಂತೆ ಸುಮಾರು 1000 ಒಳ್ಳೆಯ ಘಟನೆಗಳ ಮೇಲೂ ಕೂಗು ಹಾಕುತ್ತದೆ. ಮೇಜಿನ ಮೇಲೆ ಬಂದು ಬೀಳುವ ನೂರು ಅಲರ್ಟ್‌ಗಳಲ್ಲಿ ತೊಂಬತ್ತೊಂಬತ್ತು ಸುಳ್ಳು. ಸ್ವೀಡನ್ನಿನ ಸ್ಟೆಫಾನ್ ಆಕ್ಸೆಲ್ಸನ್ 1999ರಲ್ಲೇ ಈ ಮಾತನ್ನು ಗಣಿತದಿಂದ ತೋರಿಸಿಕೊಟ್ಟರು: ಕಳ್ಳತನ ಅಪರೂಪವಾಗಿರುವ ಕಡೆ ಪತ್ತೆ ವ್ಯವಸ್ಥೆಯ ಯೋಗ್ಯತೆಯನ್ನು ನಿರ್ಧರಿಸುವುದು ಅದು ಎಷ್ಟು ಕಳ್ಳರನ್ನು ಹಿಡಿಯಿತು ಎಂಬುದಕ್ಕಿಂತ ಹೆಚ್ಚಾಗಿ ಎಷ್ಟು ಸಭ್ಯರನ್ನು ಸುಮ್ಮನೆ ಬಿಟ್ಟಿತು ಎಂಬುದು. ಮಾರಾಟದ ಕರಪತ್ರಗಳಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ. ಎರಡನೆಯದನ್ನು ಹುಡುಕಬೇಕು.

ಈ ಅಲರ್ಟ್‌ಗಳನ್ನು ಮೊದಲು ನೋಡುವವರು ‘ಎಲ್1’ ಅನಲಿಸ್ಟ್‌ಗಳು. ಕಾಲೇಜು ಮುಗಿಸಿ ಒಂದೆರಡು ವರ್ಷವಾದವರೇ ಹೆಚ್ಚು. ಟಿಕೆಟ್ ತೆರೆದು, ಪ್ಲೇಬುಕ್ ಪ್ರಕಾರ ನಾಲ್ಕಾರು ವಿಷಯ ನೋಡಿ, ಮೇಲಿನ ಹಂತದ ಎಲ್2ಗೆ ದಾಟಿಸಬೇಕು, ಇಲ್ಲವೇ ‘ಎಫ್‌ಪಿ’ ಎಂದು ಬರೆದು ಕ್ಲೋಸ್ ಮಾಡಬೇಕು. ಎಫ್‌ಪಿ ಎಂದರೆ ಫಾಲ್ಸ್ ಪಾಸಿಟಿವ್. ಎಷ್ಟು ನಿಮಿಷದಲ್ಲಿ ಎತ್ತಿಕೊಳ್ಳಬೇಕು, ಎಷ್ಟರಲ್ಲಿ ಮುಗಿಸಬೇಕು ಎಂದು ಗ್ರಾಹಕರ ಜೊತೆಗಿನ ಒಪ್ಪಂದದಲ್ಲೇ ಬರೆದಿರುತ್ತದೆ. ಒಂದು ಸಾಮಾನ್ಯ ರಾತ್ರಿಯ ನೋಟ ಹೀಗಿರುತ್ತದೆ: ಗ್ರಾಹಕರ ಜಾಲದಲ್ಲಿ ಒಂದೇ ಯಂತ್ರ ನೂರಾರು ಸರ್ವರುಗಳ ಬಾಗಿಲು ತಟ್ಟುತ್ತಿದೆ ಎಂದು ಕೆಂಪು ಅಲರ್ಟ್‌ಗಳು ಸಾಲುಗಟ್ಟುತ್ತವೆ. ವಿಚಾರಿಸಿದರೆ ಅದು ಅದೇ ಕಂಪನಿಯ ಇನ್ನೊಂದು ತಂಡ ವಾರಕ್ಕೊಮ್ಮೆ ಓಡಿಸುವ ನೆಸ್ಸಸ್ ಅಥವಾ ಕ್ವಾಲಿಸ್ ಸ್ಕ್ಯಾನರ್. ದುರ್ಬಲ ಜಾಗಗಳನ್ನು ಹುಡುಕುವ ಭದ್ರತಾ ಪ್ರೋಗ್ರಾಮನ್ನು ನುಗ್ಗುಕೋರರನ್ನು ಹುಡುಕುವ ಭದ್ರತಾ ಪ್ರೋಗ್ರಾಮು ಕಳ್ಳನೆಂದು ಹಿಡಿದಿರುತ್ತದೆ. ಸ್ಕ್ಯಾನರಿನ ಐಪಿ ವಿಳಾಸ, ಓಡುವ ಹೊತ್ತು ಇವೆರಡನ್ನು ಗ್ರಾಹಕರು ಮೊದಲೇ ಬರೆದುಕೊಟ್ಟಿದ್ದರೆ ಆ ಸಾಲು ಹುಟ್ಟುತ್ತಲೇ ಇರಲಿಲ್ಲ. ಮುಂದಿನ ವಾರವೂ ಅದೇ ಸಾಲು, ಅದೇ ಎಫ್‌ಪಿ. ಹೀಗೆ ಕೈ ಪಳಗಿದ ಮೇಲೆ ಒಂದು ರಾತ್ರಿ ಬೇರೊಂದು ಯಂತ್ರ ಅದೇ ಥರ ಬಾಗಿಲು ತಟ್ಟಿದರೆ ಬೆರಳು ಎತ್ತ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಅದಕ್ಕೆ ಪಾಳಿಯಲ್ಲಿದ್ದ ಅನಲಿಸ್ಟನ್ನು ದೂರುವುದು ಅನ್ಯಾಯ.

ಹುಸಿ ಅಲರ್ಟಿನಿಂದ ಕಂಪ್ಯೂಟರೇ ನೆಲಕಚ್ಚಿದ ಕಥೆಗಳಿಗೂ ಕೊರತೆಯಿಲ್ಲ. 2010ರ ಏಪ್ರಿಲ್ 21ರಂದು ಆ್ಯಂಟಿವೈರಸ್ ಕಂಪನಿ ಮೆಕಾಫಿ ‘ಡ್ಯಾಟ್ 5958’ ಎಂಬ ದೈನಂದಿನ ಅಪ್‌ಡೇಟ್ ಬಿಟ್ಟಿತು. ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಎಸ್‌ವಿಸಿಹೋಸ್ಟ್ ಫೈಲನ್ನೇ ಅದು ವೈರಸ್ ಎಂದು ತಿಳಿದು ಕಟ್ಟಿಹಾಕಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆದವು, ನೆಟ್‌ವರ್ಕ್ ಹೋಯಿತು. ನೆಟ್‌ವರ್ಕ್ ಇಲ್ಲದ್ದರಿಂದ ಸರಿಪಡಿಸಿದ ಅಪ್‌ಡೇಟ್ ಕೂಡ ತಲುಪಲಿಲ್ಲ, ಒಂದೊಂದು ಯಂತ್ರದ ಮುಂದೆಯೂ ಮನುಷ್ಯ ಹೋಗಿ ಕೂರಬೇಕಾಯಿತು. ಆಸ್ಟ್ರೇಲಿಯಾದಲ್ಲಿ ಕೋಲ್ಸ್ ಸೂಪರ್‌ಮಾರ್ಕೆಟಿನ ಹಲವು ಅಂಗಡಿಗಳು ಬಿಲ್ ಹಾಕಲಾಗದೆ ಬಾಗಿಲೆಳೆದವು. ಆಗ ಮೆಕಾಫಿಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. ಮರುವರ್ಷ ಅವರು ಹೊರಬಂದು ಗೆಳೆಯರೊಂದಿಗೆ ಕಟ್ಟಿದ ಕಂಪನಿಯೇ ಕ್ರೌಡ್‌ಸ್ಟ್ರೈಕ್. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಮಾಡುವ ಪ್ರೋಗ್ರಾಮನ್ನು ವೈರಸ್ ಎಂದು ಹಿಡಿಯಿತು. ತಪ್ಪು ತಿದ್ದಬೇಕಾದ ಕೈಯನ್ನೇ ಕಟ್ಟಿಕೊಂಡಂತಾಯಿತು. 2023ರ ಜನವರಿ 13ರಂದು ಮೈಕ್ರೋಸಾಫ್ಟ್ ಡಿಫೆಂಡರಿನ ಒಂದು ನಿಯಮ ಕಚೇರಿ ಕಂಪ್ಯೂಟರುಗಳ ಸ್ಟಾರ್ಟ್ ಮೆನು, ಟಾಸ್ಕ್‌ಬಾರಿನಲ್ಲಿದ್ದ ಶಾರ್ಟ್‌ಕಟ್‌ಗಳನ್ನು ಅಳಿಸಿಹಾಕಿತು.

2024ರ ಜುಲೈ 19, ಶುಕ್ರವಾರದ ಘಟನೆ ಇವೆಲ್ಲವನ್ನೂ ಮೀರಿಸಿದ್ದು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಒಂದು ಪತ್ತೆ ನಿಯಮಗಳ ಫೈಲನ್ನು ಲೋಕಕ್ಕೆಲ್ಲ ಒಟ್ಟಿಗೇ ಕಳಿಸಿತು. ಫೈಲಿನ ಸಂಖ್ಯೆ 291. ಹೊಸ ನಿಯಮ 21ನೇ ಒಂದು ಮಾಹಿತಿಯನ್ನು ಕೇಳುತ್ತಿತ್ತು, ಪ್ರೋಗ್ರಾಮಿನ ಕೈಯಲ್ಲಿ ಇದ್ದದ್ದು 20. ಇಲ್ಲದ ಜಾಗಕ್ಕೆ ಕೈಹಾಕಿದ ಕೂಡಲೇ ವಿಂಡೋಸ್ ನೀಲಿ ಪರದೆ ತೋರಿಸಿ ಕುಸಿಯಿತು. 78 ನಿಮಿಷಗಳ ಬಳಿಕ, 10.57ಕ್ಕೆ, ಫೈಲನ್ನು ವಾಪಸ್ ಪಡೆದರು. ಅಷ್ಟರಲ್ಲಿ 85 ಲಕ್ಷ ಯಂತ್ರಗಳು ಮಲಗಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್‌ಗಳ ಚೆಕ್‌ಇನ್ ನಿಂತು ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು.

ಕಟ್ಟುನಿಟ್ಟಾಗಿ ನೋಡಿದರೆ ಇದು ಹುಸಿ ಅಲರ್ಟ್ ಅಲ್ಲ, ಏಕೆಂದರೆ ಅಲರ್ಟ್ ಕೊಡುವಷ್ಟು ಹೊತ್ತೂ ಕಂಪ್ಯೂಟರು ಉಳಿಯಲಿಲ್ಲ. ಆದರೂ ಬೇರು ಒಂದೇ: ಭದ್ರತೆಯ ಹೆಸರಿನಲ್ಲಿ ಯಂತ್ರದ ಅಂತರಾಳಕ್ಕೆ ಪ್ರವೇಶ ಪಡೆದ ಪ್ರೋಗ್ರಾಮಿಗೆ ದಿನಕ್ಕೆ ಹಲವು ಬಾರಿ ಹೊಸ ನಿಯಮ ತುಂಬುವುದು, ಅದನ್ನು ಸಾಕಷ್ಟು ಪರೀಕ್ಷಿಸದಿರುವುದು, ಎಲ್ಲರಿಗೂ ಒಂದೇ ಏಟಿಗೆ ಹಂಚುವುದು. ಸರಿಪಡಿಸುವ ವಿಧಾನ ಸರಳವಾಗಿತ್ತು. ಸೇಫ್ ಮೋಡಿನಲ್ಲಿ ತೆರೆದು ಆ ಒಂದು ಫೈಲನ್ನು ಅಳಿಸಬೇಕು, ಅಷ್ಟೇ. ಕಷ್ಟ ಇದ್ದದ್ದು ಅದಕ್ಕೆ ಮೊದಲಿನ ಹೆಜ್ಜೆಯಲ್ಲಿ. ಕಂಪನಿಯ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗ ಇರುತ್ತದೆ. ಅದನ್ನು ತೆರೆಯಲು 48 ಅಂಕಿಗಳ ಕೀ ಬೇಕು. ಮನೆಯಿಂದ ಕೆಲಸ ಮಾಡುತ್ತಿದ್ದವರಿಗೆ ಹೆಲ್ಪ್‌ಡೆಸ್ಕಿನವರು ಆ ಅಂಕಿಗಳನ್ನು ಆರಾರರಂತೆ ಫೋನಿನಲ್ಲಿ ಓದಿ ಹೇಳಬೇಕು, ಅವರು ಒಂದೂ ತಪ್ಪದೆ ಒತ್ತಬೇಕು. ಆ ಕೀಗಳನ್ನು ಇಟ್ಟಿದ್ದ ಸರ್ವರ್ ಕೂಡ ನೀಲಿ ಪರದೆಯಲ್ಲಿದ್ದರೆ ಮೊದಲು ಅದನ್ನು ಎಬ್ಬಿಸಬೇಕು. ಒಂದು ಭದ್ರತಾ ಪ್ರೋಗ್ರಾಮು ಮಾಡಿದ ಗಾಯಕ್ಕೆ ಮದ್ದು ಹಚ್ಚಲು ಇನ್ನೊಂದು ಭದ್ರತಾ ಪ್ರೋಗ್ರಾಮು ಅಡ್ಡ ನಿಂತದ್ದು ಹೀಗೆ.

ಪ್ರೋಗ್ರಾಮುಗಳ ಒಳಜಗಳದ ವಿಷಯಕ್ಕೆ ಬರೋಣ. ವಿಂಡೋಸಿನಲ್ಲಿ ಯಾವುದೇ ಫೈಲು ತೆರೆಯುವ ಮುನ್ನ ಆ ಕೋರಿಕೆ ಒಂದರ ಮೇಲೊಂದು ಪೇರಿಸಿದ ಫಿಲ್ಟರುಗಳ ಮೂಲಕ ಇಳಿಯುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಮೈಕ್ರೋಸಾಫ್ಟ್ ಸಂಖ್ಯೆ ಕೊಡುತ್ತದೆ. ಆ್ಯಂಟಿವೈರಸ್‌ಗಳಿಗೆ ಮೀಸಲಾದದ್ದು 3,20,000ದಿಂದ 3,29,999ರವರೆಗಿನ ಸಾಲು. ಒಂದು ಆ್ಯಂಟಿವೈರಸ್ ಇದ್ದಾಗ ಎಲ್ಲ ಸುಗಮ. ಎರಡು ಕೂತರೆ, ಮೊದಲನೆಯದು ಪರೀಕ್ಷೆಗೆಂದು ಫೈಲು ತೆರೆದದ್ದನ್ನು ಕಂಡು ಎರಡನೆಯದೂ ಅದನ್ನು ತೆರೆಯುತ್ತದೆ. ಯಂತ್ರ ಏದುಸಿರು ಬಿಡುತ್ತದೆ, ಕೆಲವೊಮ್ಮೆ ಎರಡೂ ಪರಸ್ಪರ ಕಾಯುತ್ತ ಜಡವಾಗುತ್ತವೆ. ಒಂದು ಕೂಡಿಟ್ಟ ವೈರಸ್ ಮಾದರಿಗಳನ್ನು ಇನ್ನೊಂದು ವೈರಸ್ ಎಂದೇ ಹಿಡಿಯುವುದೂ ಉಂಟು. ಬೇರೆ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುವುದು ನಮ್ಮ ಸಾಮಾನ್ಯ ವಿಂಡೋಸ್ 10, 11ರಲ್ಲಿ ಮಾತ್ರ. ವಿಂಡೋಸ್ ಸರ್ವರಿನಲ್ಲಿ ಅದು ತಾನಾಗಿ ಸರಿಯುವುದಿಲ್ಲ, ಅಡ್ಮಿನ್ ಕೈಯಾರೆ ಸರಿಸಬೇಕು. ‘ಸರ್ವರ್ ಸ್ಲೋ’ ಎಂಬ ದೂರುಗಳನ್ನು ಬೆನ್ನಟ್ಟುವವರು ಇದನ್ನು ಮೊದಲು ನೋಡುವುದು ಒಳ್ಳೆಯದು.

ಐಟಿ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಆ್ಯಂಟಿವೈರಸ್ ಜೊತೆಗೆ ಡೇಟಾ ಸೋರದಂತೆ ನೋಡುವ ಏಜೆಂಟು, ವೆಬ್ ಪ್ರಾಕ್ಸಿಯ ಏಜೆಂಟು, ಪ್ಯಾಚ್ ಹಾಕುವ ಏಜೆಂಟು, ಲೆಕ್ಕ ಇಡುವ ಏಜೆಂಟು ಎಲ್ಲ ಸೇರಿರುತ್ತವೆ. ಡೆವಲಪರು ಕೋಡ್ ಬಿಲ್ಡ್ ಮಾಡಿದಾಗ ಸಾವಿರಾರು ಪುಟ್ಟ ಫೈಲುಗಳು ಹುಟ್ಟುತ್ತವೆ, ಪ್ರತಿಯೊಂದೂ ಎಲ್ಲರ ಕೈದಾಟಿ ಬರಬೇಕು. ಆಗಷ್ಟೇ ಹುಟ್ಟಿದ, ಸಹಿಯಿಲ್ಲದ ಇಎಕ್ಸ್‌ಇ ಫೈಲು ಯಾರಿಗೂ ಪರಿಚಯವಿಲ್ಲವಾದ್ದರಿಂದ ಶಂಕಿತ ಪಟ್ಟಿ ಸೇರುತ್ತದೆ. ಈ ದೂರು ಎಷ್ಟು ವ್ಯಾಪಕವಾಗಿತ್ತೆಂದರೆ 2023ರಲ್ಲಿ ಮೈಕ್ರೋಸಾಫ್ಟ್ ಡೆವಲಪರುಗಳಿಗೆಂದೇ ‘ಡೆವ್ ಡ್ರೈವ್’ ತಂದು, ಅಲ್ಲಿ ಡಿಫೆಂಡರ್ ಫೈಲು ತೆರೆದ ಮೇಲೆ ನಿಧಾನವಾಗಿ ಪರೀಕ್ಷಿಸುವಂತೆ ಮಾಡಿತು. ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಪ್ರಾಕ್ಸಿ. ಅದು ಗುಪ್ತ ಸಂಪರ್ಕವನ್ನು ನಡುವೆ ಬಿಚ್ಚಿ ನೋಡಿ ತನ್ನ ಸರ್ಟಿಫಿಕೇಟ್ ಹಾಕಿ ಕಳಿಸುತ್ತದೆ. ಗಿಟ್, ಪೈಥಾನ್‌ನಂಥ ಸಾಧನಗಳು ‘ಈ ಸರ್ಟಿಫಿಕೇಟ್ ನಂಬುವಂತಿಲ್ಲ’ ಎಂದು ನಿಲ್ಲುತ್ತವೆ. ಬಿಡುಗಡೆಯ ದಿನ ಹತ್ತಿರವಾದ ಡೆವಲಪರು ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡುತ್ತಾರೆ. ಹಾಗೆ ಆಫ್ ಮಾಡಿದ ಒಂದು ಸಾಲು ಕೋಡಿನಲ್ಲೇ ಉಳಿದು ಗ್ರಾಹಕರ ಸರ್ವರು ಸೇರಬಹುದು.

ಪೀಣ್ಯದ ಕಷ್ಟ ಬೇರೆ ಬಗೆಯದು. ಇಲ್ಲಿನ ಸಣ್ಣ ಸಿಎನ್‌ಸಿ ವರ್ಕ್‌ಶಾಪಿನಲ್ಲಿ ಬಹಳ ಸಲ ಇರುವುದೇ ಒಂದೆರಡು ಕಂಪ್ಯೂಟರ್: ಅದರಲ್ಲೇ ಡ್ರಾಯಿಂಗ್, ಅದರಲ್ಲೇ ಟ್ಯಾಲಿ, ಅದರಲ್ಲೇ ಜಿಎಸ್‌ಟಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ರಿಟರ್ನಿಗೆ ಡಿಜಿಟಲ್ ಸಹಿ ಹಾಕಲೇಬೇಕು. ಅದಕ್ಕೆ ಬೆಂಗಳೂರಿನದೇ ಕಂಪನಿ ಇಮುದ್ರ ಮಾಡಿದ ಎಂಸೈನರ್ ಎಂಬ ಪುಟ್ಟ ಪ್ರೋಗ್ರಾಮು ಬೇಕು. ಅದು ಹಿನ್ನೆಲೆಯಲ್ಲಿ ಕೂತು ಬ್ರೌಸರು ಮತ್ತು ಯುಎಸ್‌ಬಿ ಟೋಕನ್ನಿನ ನಡುವೆ ಸೇತುವೆಯಾಗುತ್ತದೆ. ಹೊರಗಿನ ಪುಟವೊಂದು ಕಂಪ್ಯೂಟರಿನ ಒಳಬಾಗಿಲಿನೊಂದಿಗೆ ಮಾತನಾಡುವುದು ಆ್ಯಂಟಿವೈರಸ್ ಕಣ್ಣಿಗೆ ಕಳ್ಳರ ನಡತೆಯಂತೆಯೇ ಕಾಣುತ್ತದೆ, ಅದು ತಡೆಯುತ್ತದೆ. ಪರದೆಯ ಮೇಲೆ ಬರುವುದು ಮಾತ್ರ ‘ಸಂಪರ್ಕ ಸಾಧ್ಯವಾಗಲಿಲ್ಲ, ಎಂಸೈನರ್ ಮತ್ತೆ ಶುರುಮಾಡಿ’ ಎಂಬರ್ಥದ ಸಂದೇಶ. ತಡೆದದ್ದು ಯಾರು ಎಂದು ಅದು ಹೇಳುವುದಿಲ್ಲ. 20ನೇ ತಾರೀಖು ಕೊನೆಯ ದಿನ. ಆಡಿಟರು ಫೋನಿನಲ್ಲಿ ಹೇಳುವುದು, ‘ಸರ್, ಆ್ಯಂಟಿವೈರಸ್ ಸ್ವಲ್ಪ ಹೊತ್ತು ಆಫ್ ಮಾಡಿ’. ಎಸ್.ಪಿ. ರೋಡಿನಿಂದ ಬಂದು ಕಂಪ್ಯೂಟರ್ ಜೋಡಿಸಿಕೊಡುವವರೂ ಹೇಳುವುದು ಅದನ್ನೇ. ಕಳ್ಳ ನಕಲಿನ ಡ್ರಾಯಿಂಗ್ ಸಾಫ್ಟ್‌ವೇರ್ ಜೊತೆ ಬರುವ ಸೂಚನೆಯಲ್ಲೂ ಮೊದಲ ಸಾಲು ಅದೇ. ಆಫ್ ಆದದ್ದು ಮತ್ತೆ ಆನ್ ಆಗುವ ಖಾತರಿ ಇಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಆ ಕಂಪ್ಯೂಟರಿಗೆ ಹೊಕ್ಕರೆ ಹತ್ತು ವರ್ಷದ ಡ್ರಾಯಿಂಗುಗಳೂ ಟ್ಯಾಲಿ ಲೆಕ್ಕವೂ ಒಟ್ಟಿಗೇ ಹೋಗುತ್ತವೆ.

ಆಫ್ ಮಾಡುವುದಕ್ಕಿಂತ ಸಭ್ಯವಾದ ದಾರಿ ‘ಎಕ್ಸ್‌ಕ್ಲೂಷನ್’: ಈ ಫೋಲ್ಡರನ್ನು ನೋಡಬೇಡ ಎಂದು ಆ್ಯಂಟಿವೈರಸ್‌ಗೆ ಹೇಳುವುದು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳೇ ಇಂಥ ಪಟ್ಟಿ ಕೊಡುತ್ತವೆ. ಸೋಲಾರ್‌ವಿಂಡ್ಸ್ ಕೂಡ ತನ್ನ ಓರಿಯಾನ್ ಸಾಫ್ಟ್‌ವೇರಿನ ಫೋಲ್ಡರುಗಳನ್ನು ಬಿಟ್ಟುಬಿಡಲು ಹೇಳಿತ್ತು. 2020ರಲ್ಲಿ ಅದೇ ಓರಿಯಾನ್‌ನ ಅಪ್‌ಡೇಟಿನೊಳಗೆ ಗೂಢಚಾರರು ಹೊಕ್ಕಿದ್ದು ಬೆಳಕಿಗೆ ಬಂತು. ಆ ಅಪ್‌ಡೇಟ್ ಸುಮಾರು 18,000 ಸಂಸ್ಥೆಗಳನ್ನು ತಲುಪಿತ್ತು. 2023ರ ಮಾರ್ಚ್‌ನಲ್ಲಿ ತ್ರೀಸಿಎಕ್ಸ್ ಎಂಬ ಕಚೇರಿ ಫೋನ್ ಸಾಫ್ಟ್‌ವೇರನ್ನು ಭದ್ರತಾ ಪ್ರೋಗ್ರಾಮುಗಳು ಹಿಡಿಯತೊಡಗಿದಾಗ ಎಷ್ಟೋ ಗ್ರಾಹಕರು ಇದು ಮಾಮೂಲಿ ಎಫ್‌ಪಿ ಎಂದೇ ಭಾವಿಸಿದರು. ಒಂದು ವಾರದ ಬಳಿಕ ಸತ್ಯ ಹೊರಬಿತ್ತು: ಕಂಪನಿಯ ಅಧಿಕೃತ ಸಹಿಯಿದ್ದ ಸಾಫ್ಟ್‌ವೇರಿನಲ್ಲೇ ನಿಜವಾದ ವಿಷ ಬೆರೆತಿತ್ತು. ಟಾರ್ಗೆಟ್‌ನ ದಿನಗಳಿಂದ ಒಂಬತ್ತು ವರ್ಷ ದಾಟಿತ್ತು.

ಕಾವಲಿನ ಅತಿ ಉತ್ಸಾಹ ರೋಗವನ್ನೇ ಹಬ್ಬಿಸುವ ಅಪಾಯವನ್ನು 2017ರ ಮೇ ತಿಂಗಳ ವಾನ್ನಾಕ್ರೈ ತೋರಿಸಿತು. ಒಂದು ನಿರ್ದಿಷ್ಟ ವೆಬ್ ವಿಳಾಸ ಉತ್ತರ ಕೊಟ್ಟರೆ ಆ ವೈರಸ್ ತಾನೇ ನಿಂತುಬಿಡುತ್ತಿತ್ತು. ವೈರಸ್ ಜೊತೆ ಕಾಣಿಸಿಕೊಂಡ ವಿಳಾಸವೆಂಬ ಕಾರಣಕ್ಕೆ ಕೆಲವು ಭದ್ರತಾ ವ್ಯವಸ್ಥೆಗಳು ಅದನ್ನೇ ತಡೆದವು. ದಯವಿಟ್ಟು ತಡೆಯಬೇಡಿ ಎಂದು ತಜ್ಞರು ಬೇಡಿಕೊಳ್ಳಬೇಕಾಯಿತು.

ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುವುದೂ ಇದೆ. ಕ್ಯಾಸ್ಪರ್‌ಸ್ಕಿ ಕಂಪನಿ ಹತ್ತು ನಿರಪಾಯಕಾರಿ ಫೈಲುಗಳನ್ನು ತಾನೇ ತಯಾರಿಸಿ, ಬೇಕೆಂದೇ ವೈರಸ್ ಎಂದು ಗುರುತು ಹಾಕಿ, ಎಲ್ಲರೂ ನೋಡುವ ವೈರಸ್‌ಟೋಟಲ್ ತಾಣಕ್ಕೆ ಏರಿಸಿತು. ಹತ್ತು ದಿನಗಳಲ್ಲಿ ಸುಮಾರು 14 ಬೇರೆ ಕಂಪನಿಗಳು ಅವನ್ನು ವೈರಸ್ ಎನ್ನತೊಡಗಿದ್ದವು ಎಂದು 2010ರಲ್ಲಿ ಪ್ರಕಟಿಸಿತು. ಯಾರೂ ಸ್ವಂತವಾಗಿ ನೋಡಿರಲಿಲ್ಲ. ನಮ್ಮಲ್ಲಿ ನಾಲ್ಕೈದು ಜನ ಸೇರಿ ಕಾರ್ಖಾನೆಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಂಪನಿಗಳಿಗೆ ಇದರ ಬಿಸಿ ಜೋರು. ಒಂದು ಕಡೆ ಹೆಸರು ಕೆಟ್ಟರೆ ಒಬ್ಬೊಬ್ಬ ಆ್ಯಂಟಿವೈರಸ್ ಕಂಪನಿಗೂ ಅರ್ಜಿ ಹಾಕುತ್ತ ಅಲೆಯಬೇಕು. ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೊಂಡರೆ ಕಾಟ ಕಡಿಮೆಯಾಗುತ್ತದೆ, ಆದರೆ ಅದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು.

ಸರ್ಕಾರದ ನಿಯಮವೂ ಈ ಚಿತ್ರದಲ್ಲಿದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ಆದೇಶದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಲಾಗ್ ಇಡುವ ನಿಯಮ ಒಳ್ಳೆಯದೇ. ಆದರೆ ನೂರರಲ್ಲಿ ತೊಂಬತ್ತೊಂಬತ್ತು ಸುಳ್ಳಾಗಿರುವ ಕಡೆ 6 ಗಂಟೆಯಲ್ಲಿ ನಿಜ ಯಾವುದೆಂದು ತೀರ್ಮಾನಿಸಬೇಕಾದರೆ ಆರಿಸುವ ಕೆಲಸ ಮೊದಲೇ ಅಚ್ಚುಕಟ್ಟಾಗಿ ಆಗಿರಬೇಕು. ಅದಕ್ಕೆ ಜನವೂ ಸಮಯವೂ ಇರುವುದು ದೊಡ್ಡ ಕಂಪನಿಗಳಲ್ಲಿ, ಪೀಣ್ಯದ ವರ್ಕ್‌ಶಾಪಿನಲ್ಲಿ ಅಲ್ಲ.

2024ರ ಪಾಠದಿಂದ ಕೆಲವು ಸುಧಾರಣೆಗಳು ಬಂದಿವೆ. ನಿಯಮಗಳ ಫೈಲನ್ನೂ ಹಂತ ಹಂತವಾಗಿ ಬಿಡುವುದಾಗಿ, ಯಾವಾಗ ಪಡೆಯಬೇಕೆಂಬ ಆಯ್ಕೆಯನ್ನು ಗ್ರಾಹಕರಿಗೆ ಕೊಡುವುದಾಗಿ ಕ್ರೌಡ್‌ಸ್ಟ್ರೈಕ್ ಹೇಳಿತು. ಭದ್ರತಾ ಪ್ರೋಗ್ರಾಮುಗಳನ್ನು ವಿಂಡೋಸಿನ ಅಂತರಾಳವಾದ ಕರ್ನೆಲ್‌ನಿಂದ ಹೊರಗೆ ಕೂರಿಸುವ ಕೆಲಸವನ್ನು ಮೈಕ್ರೋಸಾಫ್ಟ್ ಕೈಗೆತ್ತಿಕೊಂಡಿದೆ. ಇದರಿಂದ ನೀಲಿ ಪರದೆಗಳು ಕಡಿಮೆಯಾದಾವು. ಹುಸಿ ಅಲರ್ಟ್ ಕಡಿಮೆಯಾಗುವುದಿಲ್ಲ, ಏಕೆಂದರೆ ಅದರ ಬಹುಪಾಲು ಹುಟ್ಟುವುದು ನಮ್ಮ ಕಚೇರಿಗಳ ಒಪ್ಪಂದ ಮತ್ತು ರೂಢಿಗಳಲ್ಲಿ.

ಆದ್ದರಿಂದ ಬೆಂಗಳೂರಿನ ಮ್ಯಾನೇಜರುಗಳಲ್ಲಿ ನನ್ನ ಕೋರಿಕೆ: ಎಷ್ಟು ಟಿಕೆಟ್ ಕ್ಲೋಸ್ ಆಯಿತು ಎಂದು ಎಣಿಸುವುದನ್ನು ನಿಲ್ಲಿಸಿ. ಒಂದೇ ಹುಸಿ ಅಲರ್ಟ್ ಮೂರನೇ ಬಾರಿ ಬಂದರೆ ಅದನ್ನು ಹುಟ್ಟಿಸಿದ ನಿಯಮವನ್ನು ತಿದ್ದಿಸುವ ಅಧಿಕಾರವನ್ನು ಎಲ್1ಗೇ ಕೊಡಿ. ಗ್ರಾಹಕರು ಉತ್ತರ ಕೊಡದಿದ್ದರೆ ಅವರ ಯಂತ್ರವನ್ನು ಜಾಲದಿಂದ ಬೇರ್ಪಡಿಸುವ ಹಕ್ಕು ರಾತ್ರಿ ಪಾಳಿಯವರಿಗೆ ಇರಬೇಕು ಎಂದು ಒಪ್ಪಂದದಲ್ಲೇ ಬರೆಸಿ. ಪೀಣ್ಯದ ಮಾಲೀಕರಿಗೆ ಹೇಳುವುದಿಷ್ಟು: ಒಂದು ಕಂಪ್ಯೂಟರಿಗೆ ಒಂದೇ ಆ್ಯಂಟಿವೈರಸ್ ಸಾಕು, ಹಳೆಯದನ್ನು ಪೂರ್ತಿ ತೆಗೆದ ಮೇಲೆ ಹೊಸದು ಹಾಕಿಸಿ. ಜಿಎಸ್‌ಟಿಗೆ ಸಾಧ್ಯವಾದರೆ ಬೇರೆ ಕಂಪ್ಯೂಟರ್ ಇಡಿ. ‘ಆಫ್ ಮಾಡಿ’ ಎಂದವರನ್ನು ಯಾವ ಫೈಲನ್ನು, ಎಷ್ಟು ದಿನ ಎಂದು ಕೇಳಿ, ಅವರ ಹೆಸರು, ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಆ ತಾರೀಖು ದಾಟಿದ ದಿನ ಎಕ್ಸ್‌ಕ್ಲೂಷನ್ ತೆಗೆಸಿ.